ಹೊಳೆ ದಾಟಿದ ಗ್ರೈಂಡರು

ಜಪಾನಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಫುಜಿ ಬೆಟ್ಟ ನೋಡಿದಿರಾ ಎಂದು. ಹೋಗುವಾಗ ನೋಡಿದೆ. ಬರುವಾಗ ನೋಡಲಿಲ್ಲ. ರೈಲಿನಲ್ಲಿದ್ದವರೆಲ್ಲ ಎಡಗಡೆ ಕಿಟಕಿಗೆ ಬಾಗಿ ಬೆಟ್ಟದ ಫೋಟೊ ತೆಗೆಯುತ್ತಿದ್ದಾಗ ನಾನು ಬಲಗಡೆ ಕಿಟಕಿಗೆ ಮೂಗು ಒತ್ತಿ ಕೆಳಗಿನ ಹೊಳೆ ನೋಡುತ್ತಿದ್ದೆ. ಅಗಲವಾದ ಹೊಳೆ, ನೀರಿಗಿಂತ ಕಲ್ಲೇ ಹೆಚ್ಚು. ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಸೇತುವೆ ಕೆಳಗೆ ನಮ್ಮ ಕಾವೇರಿ ಹಾಗೇ ಇರುತ್ತಾಳೆ. ನಮ್ಮ ಕಡೆ ರೈಲು ಕಾವೇರಿ ದಾಟುವಾಗ ಒಂದು ಕಾಸು ಎಸೆದು ಕೈ ಮುಗಿಯುತ್ತೇವೆ. ಆ ರೈಲಿನ ಕಿಟಕಿ ತೆರೆಯುವುದಿಲ್ಲ, ಹಾಗಾಗಿ ಕೈ ಮಾತ್ರ ಮುಗಿದೆ. ಪಕ್ಕದ ಸೀಟಿನಲ್ಲಿದ್ದ ಜಪಾನಿ ಹೆಂಗಸು ತಮಗೇ ನಮಸ್ಕಾರ ಮಾಡಿದೆನೆಂದುಕೊಂಡು ತಾವೂ ತಲೆ ಬಾಗಿಸಿದರು.

ಆ ಹೊಳೆ ನನ್ನ ತಂಗಿಯನ್ನು ನಾಲ್ಕು ತಿಂಗಳು ಅಳಿಸಿತ್ತು. ಹೊಳೆಗೆ ಅದು ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ.

ಪಾಂಡವಪುರ

ಪಾಂಡವಪುರದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟಾರು ತಂದುಕೊಟ್ಟರೆ ಒಳಗಿನ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿಕೊಡುವುದು ಕೆಲಸ. ಮೂವತ್ತು ವರ್ಷದಿಂದ ಇದೇ. ಬೇಸಿಗೆ ಬಂತೆಂದರೆ ನಾಗಮಂಗಲದ ಕಡೆಯಿಂದ, ಅದರಲ್ಲೂ ದೇವಲಾಪುರದ ಸುತ್ತಿನ ಹಳ್ಳಿಗಳಿಂದ, ಬೋರ್‌ವೆಲ್ ಮೋಟಾರುಗಳು ಟ್ರಾಕ್ಟರಿನಲ್ಲಿ ಬರುತ್ತವೆ. ವೋಲ್ಟೇಜು ಇಳಿದು ಸುಟ್ಟವು. ತಂದವರು ನನ್ನನ್ನು ಬೈಯುತ್ತಾರೆ, ನಾನು ಅವರನ್ನು ಬೈಯುತ್ತೇನೆ, ಆಮೇಲೆ ಇಬ್ಬರೂ ಕರೆಂಟನ್ನು ಬೈದು ಟೀ ಕುಡಿಯುತ್ತೇವೆ. ನನಗೆ ಕೋಪ ಮೂಗಿನ ತುದಿಯಲ್ಲಿ ಎಂದು ಊರಿಗೇ ಗೊತ್ತು. ನಾನು ಸುತ್ತಿದ ಮೋಟಾರಿನಲ್ಲಿ ತಪ್ಪು ಹುಡುಕಿದವರನ್ನಂತೂ ನಾನು ಬಿಟ್ಟವನಲ್ಲ.

ನಮ್ಮವ್ವ ಕಿಕ್ಕೇರಿ ಬಸ್ ಸ್ಟ್ಯಾಂಡಿನ ಬಳಿ ಇಡ್ಲಿ ಅಂಗಡಿ ಇಟ್ಟಿದ್ದಳು. ಮೊದಮೊದಲು ಒರಳುಕಲ್ಲಿನಲ್ಲೇ ರುಬ್ಬುತ್ತಿದ್ದಳು. ರಟ್ಟೆ ಸೋತ ಮೇಲೆ ಮೇಜಿನ ಮೇಲಿಡುವ ಒಂದು ಗ್ರೈಂಡರು ತೆಗೆಸಿಕೊಟ್ಟೆ. ಕೆಳಗೆ ಮೋಟಾರು, ಅದರಿಂದ ಒಂದು ಬೆಲ್ಟು, ಬೆಲ್ಟು ತಿರುಗಿಸುವ ಪಾತ್ರೆ, ಪಾತ್ರೆಯೊಳಗೆ ಕಲ್ಲಿನ ಗುಂಡು. ಅವ್ವ ಅದನ್ನು ನಂಬುತ್ತಿರಲಿಲ್ಲ. ಓಡುವಾಗ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಆಗಾಗ ಹಿಟ್ಟಿಗೆ ಬೆರಳು ಅದ್ದಿ ನೋಡುತ್ತಿದ್ದಳು. "ಇಟ್ಟಿಗೆ ಜ್ವರ ಬರ್ಬಾರ್ದು ಕಣ್ರೋ" ಎನ್ನುತ್ತಿದ್ದಳು. ಬೆಚ್ಚಗಾದ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಹತ್ತಿ ಇಡ್ಲಿ ಕಲ್ಲಾಗುತ್ತದೆ ಎಂಬುದು ಅವಳ ಶಾಸ್ತ್ರ.

ಅವ್ವನ ಕೈ ಬಂದದ್ದು ನನ್ನ ತಂಗಿ ನಾಗರತ್ನಳಿಗೆ. ನಾಗಿಯ ಗಂಡ ಮಂಜಣ್ಣ ಕೆ.ಆರ್. ಪೇಟೆಯವನು, ಅಡುಗೆಯವನು. ಟೋಕಿಯೊದ ಒಂದು ಇಂಡಿಯನ್ ಹೋಟೆಲಿನಲ್ಲಿ ಅವನಿಗೆ ಕೆಲಸ ಸಿಕ್ಕಿದಾಗ ಇವಳೂ ಹೊರಟಳು. ಹೊರಡುವಾಗ ಅವ್ವ ತನ್ನ ಗ್ರೈಂಡರನ್ನೇ ತೆಗೆದುಕೊಂಡು ಹೋಗು ಎಂದಳು. ಅಲ್ಲಿ ಮನೆಗೆ ಬರುವ ಕರೆಂಟು ಬರೀ ನೂರು ವೋಲ್ಟು, ನಮ್ಮದು ಇನ್ನೂರ ಮೂವತ್ತು. ಮಿಕ್ಸಿಗೆ ಒಂದು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಕೊಂಡುಕೊಳ್ಳಿ ಎಂದೆ. ಗ್ರೈಂಡರಿನ ಮೋಟಾರನ್ನು ಮಾತ್ರ ನಾನೇ ಬಿಚ್ಚಿ, ದಪ್ಪ ತಂತಿ ಹಾಕಿ, ನೂರು ವೋಲ್ಟಿಗೇ ಓಡುವ ಹಾಗೆ ಸುತ್ತಿದೆ. ವೋಲ್ಟೇಜು ಏರಿಸಿ ಇಳಿಸುವ ಪೆಟ್ಟಿಗೆ ಅಂಗಡಿಯಲ್ಲಿದೆ, ಅದರಲ್ಲಿ ನೂರಕ್ಕೆ ಇಟ್ಟು ಓಡಿಸಿದೆ. ಪಾತ್ರೆಗೆ ಸೀಮೆಸುಣ್ಣದ ಗೆರೆ ಎಳೆದು, ನಿಮಿಷಕ್ಕೆ ಎಷ್ಟು ಸಲ ತಿರುಗುತ್ತದೆ ಎಂದು ಎಣಿಸಿ, ಕೆಳಗಿನ ತಗಡಿನ ಒಳಮೈಗೆ ಪೆನ್ಸಿಲಿನಲ್ಲಿ ಬರೆದೆ. ನಾನು ಮುಟ್ಟಿದ ಪ್ರತಿ ಯಂತ್ರದ ಹೊಟ್ಟೆಯೊಳಗೂ ಹಾಗೆ ಬರೆದಿಡುವುದು ನನ್ನ ಪದ್ಧತಿ. ಮುಂದೆ ಇನ್ನೊಬ್ಬ ಬಿಚ್ಚಿದಾಗ ನನ್ನನ್ನು ನೆನೆಸಿಕೊಳ್ಳಲಿ ಎಂಬ ಜಂಬವೂ ಅದರಲ್ಲಿದೆ.

ಎರಡು ವರ್ಷ ಟೋಕಿಯೊದಲ್ಲಿ ಆ ಗ್ರೈಂಡರು ಹೂವಿನಂಥ ಇಡ್ಲಿ ಕೊಟ್ಟಿತು. ಆಮೇಲೆ ಹೋಟೆಲಿನ ಮಾಲೀಕರು ಒಸಾಕಾದಲ್ಲಿ ಟಿಫನ್ ರೂಮ್ ತೆರೆಯುತ್ತೇವೆ, ಇಡ್ಲಿ ದೋಸೆ ನಿಮ್ಮದೇ ಎಂದು ಗಂಡ ಹೆಂಡತಿಯನ್ನು ಅಲ್ಲಿಗೆ ಕಳಿಸಿದರು. ಅವರು ಒಸಾಕಾಗೆ ಹೋದ ವಾರವೇ ನಮ್ಮವ್ವ ತೀರಿಕೊಂಡಳು. ಬೆಳಿಗ್ಗೆ ಕಾಫಿ ಕುಡಿದಳು, ಹತ್ತು ಗಂಟೆಗೆ ಇಲ್ಲ. ನಾಗಿಯ ಕಾಗದಪತ್ರವೆಲ್ಲ ವೀಸಾ ಆಫೀಸಿನಲ್ಲಿತ್ತು, ಬರಲಾಗಲಿಲ್ಲ. ಅವ್ವನನ್ನು ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದಳು.

ಹನ್ನೊಂದನೇ ದಿನ ನಾವು ಇಲ್ಲಿ ತಿಥಿ ಮಾಡಿದಾಗ ಅವಳು ಅಲ್ಲಿ ಬಾಲ್ಕನಿಯಲ್ಲಿ ಅವ್ವನಿಗೆ ಇಡ್ಲಿಯ ಎಡೆ ಇಟ್ಟಳಂತೆ. ಇಡ್ಲಿ ಕಲ್ಲಾಗಿತ್ತು. ಆ ಊರಿನ ಕಾಗೆಗಳು ನಮ್ಮವಕ್ಕಿಂತ ಒಂದೂವರೆಪಟ್ಟು ದೊಡ್ಡವು. ಒಂದು ಬಂದು ಕೂತು, ಕೊಕ್ಕಿನಿಂದ ಒಮ್ಮೆ ಕುಟ್ಟಿ, ಹಾರಿಹೋಯಿತಂತೆ. ಅಂದಿನಿಂದ ಅವಳು ಮಾಡಿದ ಒಂದು ಇಡ್ಲಿಯೂ ಎದ್ದಿರಲಿಲ್ಲ. ಅಕ್ಕಿ ಬದಲಾಯಿಸಿದಳು, ಉದ್ದು ಬದಲಾಯಿಸಿದಳು, ನೀರು ಕಾಯಿಸಿ ಆರಿಸಿ ಹಾಕಿದಳು. ಐಸು ಹಾಕಿದ ದಿನ ಹಿಟ್ಟು ಹುಳಿಯದೆ ಸುಮ್ಮನೆ ಕೂತಿತು. ಮಂಜಣ್ಣ ಫೋನು ಮಾಡಿದ.

"ಭಾವ, ಒಂದ್ಸಲ ಬಂದೋಗಿ. ಇವ್ಳು ಇಟ್ಟೇ ಮುಟ್ತಿಲ್ಲ. ಅವ್ವನ್ ಮೊಕ ನೋಡಕ್ ಬರ್ನಿಲ್ಲ, ಅದ್ಕೆ ಅವ್ವ ತನ್ ಕೈಗುಣ ವಾಪಸ್ ಕಿತ್ಕೊಂಡವ್ಳೆ ಅಂತಾಳೆ. ಮಾಲೀಕ್ರು ಇಡ್ಲಿ ಸರಿ ಓಗ್ದಿದ್ರೆ ಪ್ಯಾಕೆಟ್ ಪುಡೀಲೇ ಮಾಡನ ಅಂತಾವ್ರೆ. ಇವ್ಳು ಊರಿಗೋಯ್ತೀನಿ, ಇನ್ ಬರಲ್ಲ ಅಂತ ಕುಂತವ್ಳೆ."

ನನಗೆ ಸಂಕಟವೂ ಆಯಿತು, ಕೋಪವೂ ಬಂತು. ಅವ್ವ ಯಾರಿಂದಲೂ ಏನನ್ನೂ ಕಿತ್ತುಕೊಂಡವಳಲ್ಲ.

ಟೋಕಿಯೊದಿಂದ ಒಸಾಕಾಗೆ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನನ್ನ ಟೆಸ್ಟರು ಹೋಯಿತು. ಮೂವತ್ತು ವರ್ಷದಿಂದ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಇರುವ ಸಣ್ಣ ಸ್ಕ್ರೂಡ್ರೈವರು ಅದು, ಕರೆಂಟು ಇದ್ದರೆ ಹಿಡಿಯಲ್ಲಿ ಕೆಂಪಗೆ ಉರಿಯುತ್ತದೆ. ಒಯ್ಯುವ ಹಾಗಿಲ್ಲ ಎಂದರು. ಇದರಲ್ಲಿ ಯಾರನ್ನು ಚುಚ್ಚಲಿ ಎಂದು ಜಗಳವಾಡಿದೆ. ಹಿಂದಿನ ಸಾಲು ಉದ್ದವಾಯಿತು, ಕೊಟ್ಟು ಹೊರಟೆ. ಜೇಬು ಖಾಲಿಯಾಗಿ, ಅಂಗಿಯೇ ಹಾಕಿಲ್ಲವೇನೋ ಅನಿಸುತ್ತಿತ್ತು.

ಟೋಕಿಯೊಗೆ ಮಂಜಣ್ಣ ಬಂದಿದ್ದ. ಅಲ್ಲಿಂದ ಒಸಾಕಾಗೆ ಆ ಹೆಸರಾಂತ ರೈಲು. ನಮ್ಮ ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಬಂದ ಮೇಲೆ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಜನ ಮೂಟೆ ಹೊತ್ತು ಓಡುತ್ತಾರೆ. ಇಲ್ಲಿ ನೆಲದ ಮೇಲೆ ಗುರುತು ಹಾಕಿದ್ದಾರೆ, ಬಾಗಿಲು ಬಂದು ಆ ಗುರುತಿನ ಮುಂದೆಯೇ ನಿಂತಿತು. ನಾನು ಬಗ್ಗಿ ನೋಡಿದೆ. ಒಂದು ಗೇಣೂ ಆಚೀಚೆ ಇಲ್ಲ. ಆ ತೂಕದ ಯಂತ್ರವನ್ನು ಹಾಗೆ ನಿಲ್ಲಿಸಬೇಕಾದರೆ ಅದರ ಮೋಟಾರಿನ ಮೇಲೆ ಎಂಥ ಹಿಡಿತ ಇರಬೇಕು ಎಂದು ನೆನೆದು ಮೈ ಜುಮ್ಮೆಂದಿತು.

ಒಳಗೆ ಮಾತೇ ಇಲ್ಲ. ನನ್ನ ಹೆಂಡತಿ ಫೋನು ಮಾಡಿದಳು. ನಾನು ಕಿಕ್ಕೇರಿ ಬಸ್ಸಿನಲ್ಲಿ ಮಾತಾಡುವ ದನಿಯಲ್ಲೇ "ಆಂ, ತಲುಪ್ದೆ ಕಣೇ, ಉಂಡೆ ಕಣೇ" ಎಂದೆ. ಯಾರೂ ತಿರುಗಿ ನೋಡಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು. ಟಿಕೆಟ್ ನೋಡುವವನು ಬೋಗಿಯಿಂದ ಹೊರಗೆ ಹೋಗುವ ಮುಂಚೆ ತಿರುಗಿ ನಿಂತು, ನಮಗೆಲ್ಲ ತಲೆ ಬಾಗಿಸಿ, ಆಮೇಲೆ ಹೋದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ನೋಡದಿದ್ದರೂ ಬಾಗಿದ.

ಮಂಜಣ್ಣ ಬಲಗಡೆ ಬೆಟ್ಟ ತೋರಿಸಿದ. ತುದಿಗೆ ಹಿಮ ಹೊತ್ತ ಆ ಬೆಟ್ಟ ನೋಡುತ್ತ ಬಾಯಿ ಬಿಟ್ಟುಕೊಂಡು ಕೂತೆ. ಕೆಳಗೆ ಒಂದು ಹೊಳೆ ಕಳೆಯಿತಂತೆ, ನಾನು ನೋಡಲೇ ಇಲ್ಲ.

"ಭಾವ, ವಾಪಸ್ ಓಗಕ್ಕೆ ಎರಡ್ ಸೀಟ್ ಬುಕ್ ಮಾಡಿವ್ನಿ" ಎಂದ ಮಂಜಣ್ಣ ಇದ್ದಕ್ಕಿದ್ದಂತೆ, ಕಿಟಕಿಯ ಕಡೆ ಮುಖ ಮಾಡಿ. "ನಿಮ್ದೊಂದು, ಅವ್ಳದೊಂದು. ಅವ್ಳೇ ಮಾಡ್ಸುದ್ಲು."

ನಾನೂ ಬೆಟ್ಟ ಇದ್ದ ಕಡೆಯೇ ನೋಡಿದೆ. ಬೆಟ್ಟ ಆಗಲೇ ಹಿಂದೆ ಹೋಗಿತ್ತು.

ಒಸಾಕಾ, ಮೊದಲ ಮೂರು ದಿನ

ಅವರ ಮನೆ ಒಸಾಕಾದ ಅಂಚಿನ ಒಂದು ಓಣಿಯಲ್ಲಿ. ಓಣಿ ತುಂಬ ಒಬ್ಬಿಬ್ಬರೇ ಕೂತು ಕೆಲಸ ಮಾಡುವ ಸಣ್ಣ ಸಣ್ಣ ವರ್ಕ್‌ಶಾಪುಗಳು. ಒಂದರಲ್ಲಿ ಸ್ಪ್ರಿಂಗು ಮಾಡುತ್ತಾರೆ, ಇನ್ನೊಂದರಲ್ಲಿ ಬರೀ ನಟ್ಟು. ಎಣ್ಣೆ ಬೆರೆತ ಕಬ್ಬಿಣದ ವಾಸನೆ ಮೂಗಿಗೆ ಬಡಿದಾಗ ನನಗೆ ಊರಿಗೇ ಬಂದಂತಾಯಿತು. ಆದರೆ ನೆಲ ಮಾತ್ರ ಊಟಕ್ಕೆ ಎಲೆ ಹಾಕುವಷ್ಟು ಶುಚಿ. ನನ್ನ ಅಂಗಡಿಯ ನೆಲ ನೆನಪಾಗಿ ಚಪ್ಪಲಿ ಕೊಡವಿಕೊಂಡೆ.

ನಾಗಿ ಸೊರಗಿದ್ದಳು. ಬಂದವನಿಗೆ ನೀರು ಕೊಟ್ಟು, ಅನ್ನ ಸಾರು ಬಡಿಸಿ, ಅವ್ವನ ವಿಷಯ ಎತ್ತದೆ ಊರಿನವರನ್ನೆಲ್ಲ ವಿಚಾರಿಸಿದಳು. ಗ್ರೈಂಡರಿನ ಮೇಲೆ ಅವ್ವನ ಹಳೇ ಸೀರೆಯ ತುಂಡೊಂದು ಮುಚ್ಚಿತ್ತು. ಪಕ್ಕದಲ್ಲಿ ಮಿಕ್ಸಿ, ಅದರ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ಊರಿನ ಮಿಕ್ಸಿ ಆ ಪೆಟ್ಟಿಗೆಯ ಮೇಲೆ ಊರಿನ ಹಾಗೇ ಕಿರುಚುತ್ತಿತ್ತು.

"ನಾಳೆ ಇಡ್ಲಿಗೆ ನೆನೆಹಾಕು" ಎಂದೆ.

"ಬ್ಯಾಡ ಕಣಣ್ಣ."

"ಮಿಶನ್ ನೋಡ್ಬೇಕು ನಾನು. ನಿನ್ ಇಡ್ಲಿ ತಿನ್ನಕ್ ಬಂದಿಲ್ಲ."

ಒರಟಾಗಿ ಹೇಳಿದರೆ ಅವಳು ಕೇಳುತ್ತಾಳೆ, ಚಿಕ್ಕಂದಿನಿಂದ ಹಾಗೇ. ಮರುದಿನ ಮಧ್ಯಾಹ್ನ ರುಬ್ಬಲು ಹಾಕಿದಳು. ಗುಂಡಿ ಒತ್ತಿದ ಕೂಡಲೇ ನನಗೆ ಏನೋ ಸರಿಯಿಲ್ಲ ಅನಿಸಿತು. ಮೋಟಾರಿನ ಗುಂಯ್ ಎನ್ನುವ ದನಿ ನನಗೆ ನನ್ನ ಮಕ್ಕಳ ದನಿಯಷ್ಟೇ ಪರಿಚಯ. ಈ ದನಿ ಒಂದು ಮೆಟ್ಟಿಲು ಮೇಲಿತ್ತು. ನನ್ನ ವೈಂಡಿಂಗ್ ಎಲ್ಲೋ ಕೆಟ್ಟಿದೆ ಎಂದುಕೊಂಡೆ.

ಮಾರನೇ ದಿನವಿಡೀ ಮೋಟಾರು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತೆ. ತಂತಿ ನೋಡಿದೆ, ಕಪ್ಪಾಗಿಲ್ಲ. ಬೇರಿಂಗ್ ನೋಡಿದೆ, ಬೆಣ್ಣೆಯಂತಿದೆ. ಮಂಜಣ್ಣ ತಂದುಕೊಟ್ಟ ಮೀಟರಿನಲ್ಲಿ ಗೋಡೆಯ ವೋಲ್ಟೇಜು ನೋಡಿದೆ. ನೂರೆಂದರೆ ನೂರು, ಬೆಳಿಗ್ಗೆಯೂ ನೂರು, ಸಂಜೆಯೂ ನೂರು. ದೀಪದ ಬೆಳಕು ಒಮ್ಮೆಯಾದರೂ ಕುಗ್ಗಲಿ ಎಂದು ಕಾದು ಕೂತೆ, ಕುಗ್ಗಲಿಲ್ಲ. ನಾನು ಈ ದೇಶದಲ್ಲಿ ಹುಟ್ಟಿದ್ದರೆ ಉಪವಾಸ ಸಾಯುತ್ತಿದ್ದೆ. ಯಾವ ಮೋಟಾರೂ ಇಲ್ಲಿ ಸುಡುವುದಿಲ್ಲ.

"ಮಿಕ್ಸಿ ಊರ್ನಲ್ಲಿದ್ದಂಗೇ ಓಡ್ತದೆ ಭಾವ" ಎಂದ ಮಂಜಣ್ಣ. "ಕರೆಂಟ್ ದೋಷ ಆಗಿದ್ರೆ ಅದೂ ಕೆಡ್ಬೇಕಿತ್ತಲ್ವಾ?"

ಮಾತು ನ್ಯಾಯವಾಗಿತ್ತು. ನಾನು ಎಲ್ಲವನ್ನೂ ಮತ್ತೆ ಜೋಡಿಸಿ, ಕೈ ಒರೆಸಿಕೊಂಡು ಎದ್ದೆ. ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂಬ ಸಮಾಧಾನ ಮುಖದ ಮೇಲೆ ಇದ್ದಿರಬೇಕು.

"ಮಿಶನ್ ಸರ್ಯಾಗದೆ ಕಣವ್ವ" ಎಂದೆ. "ಒಂದ್ ಕೂದಲೆಳೆ ತಪ್ಪಿಲ್ಲ."

ನಾಗಿ ನನ್ನನ್ನು ನೋಡಿದಳು. ಒಳಗೆ ಹೋಗಿ ಅಟ್ಟದಿಂದ ಸೂಟ್‌ಕೇಸು ಇಳಿಸಿ ಬಟ್ಟೆ ಮಡಿಸತೊಡಗಿದಳು. ಆಗ ನನಗೆ ಹೊಳೆಯಿತು. ಯಂತ್ರ ಸರಿಯಿದೆ ಎಂದರೆ ಕೆಟ್ಟಿರುವುದು ಅವಳ ಕೈ. ಅವಳು ನಾಲ್ಕು ತಿಂಗಳಿಂದ ಹೆದರಿದ್ದ ತೀರ್ಪನ್ನು ನಾನೇ ವಿಮಾನ ಹತ್ತಿ ಬಂದು ಕೊಟ್ಟಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳ ಎಂದುಕೊಂಡೆ.

ಕೆಳಮನೆಯ ಲೇತು

ನಾಲ್ಕನೇ ದಿನ ಬೆಳಿಗ್ಗೆ ನಾಗಿ ಅಂಗಡಿಗೆ ಹೋದಾಗ ನಾನೇ ಒಂದು ಪಾವು ಉದ್ದು ನೆನೆಹಾಕಿದ್ದನ್ನು ಗ್ರೈಂಡರಿಗೆ ಸುರಿದೆ. ಅವ್ವನ ಹಾಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಕಾಲು ಗಂಟೆ ಬಿಟ್ಟು ಬೆರಳು ಅದ್ದಿದೆ. ಹಿಟ್ಟು ಬೆಚ್ಚಗಿತ್ತು. ಮಗುವಿನ ಹಣೆ ಮುಟ್ಟಿದಂತಾಯಿತು. ಹಿಟ್ಟಿಗೆ ಜ್ವರ ಬಂದಿತ್ತು.

ಕೂಡಲೇ ನಿಲ್ಲಿಸಿ, ಹಿಟ್ಟಿನ ಪಾತ್ರೆ ಎತ್ತಿಟ್ಟು, ಗ್ರೈಂಡರನ್ನು ಮಗುಚಿ, ಕೆಳಗಿನ ತಗಡು ತೆಗೆದೆ. ಹಿಂದಿನ ದಿನ ಬಿಚ್ಚಿದಾಗ ಪಕ್ಕಕ್ಕೆ ಎಸೆದಿದ್ದೆ, ಒಳಮೈ ನೋಡಿರಲಿಲ್ಲ. ನನ್ನದೇ ಅಕ್ಷರ, ಪೆನ್ಸಿಲು ಮಾಸಿಲ್ಲ: ನಿಮಿಷಕ್ಕೆ ೯೮. ಎಲ್ಲ ಮತ್ತೆ ಕೂರಿಸಿ, ಪಾತ್ರೆಗೆ ಗೆರೆ ಎಳೆದು, ಗಡಿಯಾರ ಹಿಡಿದು ಎಣಿಸಿದೆ. ನೂರ ಹದಿನೇಳು. ಮತ್ತೆ ಎಣಿಸಿದೆ. ನೂರ ಹದಿನೇಳೇ.

ನನ್ನ ಕಸುಬಿನಲ್ಲಿ ಇದು ಆಗಬಾರದ ಮಾತು. ವೋಲ್ಟೇಜು ಇಳಿದರೆ ಮೋಟಾರು ನಿಧಾನವಾಗುತ್ತದೆ, ನರಳುತ್ತದೆ, ಸುಡುತ್ತದೆ. ತನ್ನ ಮಿತಿ ದಾಟಿ ಓಡುವುದಿಲ್ಲ. ಓಡಿದ್ದನ್ನು ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಕೆಳಗಿನ ಅಂತಸ್ತಿನಲ್ಲಿ ನಿಶಿದಾ ಎಂಬ ಅಜ್ಜನ ಲೇತಿನ ಅಂಗಡಿ, ಲೋಹ ಕಡೆದು ಕೊಡುವುದು. ಎಂಬತ್ತರ ಆಸುಪಾಸು, ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಬೆರಳು ನನ್ನವಂತೆಯೇ ಕಪ್ಪು. ನಾಗಿ ಬಂದ ಹೊಸದರಲ್ಲಿ ಅವರಿಗೆ ದೋಸೆ ಕೊಟ್ಟು ಪರಿಚಯ ಮಾಡಿಕೊಂಡಿದ್ದಳು. ಅವಳು ಬರುವುದನ್ನೇ ಕಾದು, ರಟ್ಟೆ ಹಿಡಿದು ಕೆಳಗೆ ಕರೆದುಕೊಂಡು ಹೋದೆ. ಇನ್ನೊಂದು ಕೈಯಲ್ಲಿ ಗ್ರೈಂಡರು. ಅವಳಿಗೆ ಬರುವ ಹರಕು ಮುರುಕು ಜಪಾನಿಯಲ್ಲಿ ಕೇಳಿಸಿದೆ: ಇದು ಟೋಕಿಯೊದಲ್ಲಿ ಸರಿಯಿತ್ತು, ಇಲ್ಲಿ ಜೋರಾಗಿ ಓಡುತ್ತದೆ, ಯಾಕೆ?

ಟೋಕಿಯೊ ಎಂಬ ಮಾತು ಕಿವಿಗೆ ಬಿದ್ದದ್ದೇ ಅಜ್ಜ "ಆಆ" ಎಂದು ಉದ್ದಕ್ಕೆ ರಾಗ ಎಳೆದು ನಕ್ಕರು. ಒಳಗೆ ಹೋಗಿ ಹಳೇ ಗ್ರಾಮಫೋನಿನಂಥ ಪೆಟ್ಟಿಗೆ ತಂದರು, ರೆಕಾರ್ಡು ತಿರುಗಿಸುವುದು. ಮೇಲಿನ ತಟ್ಟೆ ಎತ್ತಿದರು. ಒಳಗಿನ ಮೋಟಾರಿನ ತುದಿಯಲ್ಲಿ ಬೆಲ್ಟು ಕೂರುವ ಪುಲ್ಲಿಗೆ ಒಂದಲ್ಲ, ಎರಡು ಮೆಟ್ಟಿಲು. ಒಂದು ತುಸು ದಪ್ಪ, ಒಂದು ತುಸು ಸಣ್ಣ. ದಪ್ಪದರ ಪಕ್ಕ ೫೦ ಎಂಬ ಅಂಕಿ, ಸಣ್ಣದರ ಪಕ್ಕ ೬೦.

ಆಮೇಲೆ ಒಂದು ಕಾಗದದ ಮೇಲೆ ತಮ್ಮ ದೇಶ ಬರೆದರು, ಬಾಗಿದ ಮೆಣಸಿನಕಾಯಿಯ ಆಕಾರ. ನಡುವೆ ಒಂದು ಗೆರೆ ಎಳೆದು "ಫುಜಿ" ಎಂದರು. ಬೆಟ್ಟವೋ ಎಂದು ನಾನು ಕೈಯಲ್ಲಿ ತೋರಿಸಿದೆ. ಅಲ್ಲ, ಹೊಳೆ ಎಂದು ಅವರು ಬೆರಳು ಹರಿಸಿ ತೋರಿಸಿದರು. ಗೆರೆಯ ಆಚೆ ಟೋಕಿಯೊ, ಅಲ್ಲಿ ಐವತ್ತು. ಈಚೆ ಒಸಾಕಾ, ಇಲ್ಲಿ ಅರವತ್ತು.

ನಾನು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತುಬಿಟ್ಟೆ. ಕರೆಂಟು ಒಂದೇ ಸಮ ಹರಿಯುವುದಿಲ್ಲ, ಸೆಕೆಂಡಿಗೆ ಇಷ್ಟು ಸಲ ಎಂದು ಮಿಡಿಯುತ್ತದೆ. ನಮ್ಮ ದೇಶದಲ್ಲಿ ಎಲ್ಲೇ ಹೋಗಿ, ಐವತ್ತು. ಗ್ರೈಂಡರಿನಂಥ ಮೋಟಾರು ಆ ಮಿಡಿತಕ್ಕೆ ಹೆಜ್ಜೆ ಹಾಕುತ್ತದೆ. ಮಿಡಿತ ಅರವತ್ತಾದರೆ ಅದರ ಹೆಜ್ಜೆಯೂ ಜೋರು, ಕಲ್ಲಿನ ಉಜ್ಜಾಟಕ್ಕೆ ಹಿಟ್ಟೂ ಬೆಚ್ಚಗಾಗುತ್ತದೆ. ಮಿಕ್ಸಿಯ ಮೋಟಾರು ಬೇರೆ ಜಾತಿ, ಅದಕ್ಕೆ ಮಿಡಿತದ ಹಂಗಿಲ್ಲ, ಅದಕ್ಕೇ ಅದು ಬದಲಾಗಿರಲಿಲ್ಲ. ಪ್ರತಿ ಮೋಟಾರಿನ ಮೈಮೇಲಿನ ತಗಡಿನಲ್ಲಿ ವೋಲ್ಟೇಜಿನ ಪಕ್ಕದಲ್ಲೇ ಐವತ್ತು ಎಂದು ಬರೆದಿರುತ್ತದೆ. ಸಾವಿರಾರು ಸಲ ಕಣ್ಣಿಗೆ ಬಿದ್ದಿದೆ, ಒಂದು ಸಲವೂ ಓದಿಲ್ಲ. ಎಲ್ಲೆಡೆ ಒಂದೇ ಇದ್ದರೆ ಯಾರು ಓದುತ್ತಾರೆ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನು ನಾನೇ.

ಒಂದು ದೇಶದಲ್ಲಿ ಎರಡು ಕರೆಂಟು. ಹಿಂದಿನ ಕಾಲದಲ್ಲಿ ಟೋಕಿಯೊದವರು ಜರ್ಮನಿಯಿಂದ ಯಂತ್ರ ತರಿಸಿದರಂತೆ, ಒಸಾಕಾದವರು ಅಮೆರಿಕದಿಂದ. ಎರಡೂ ಬೆಳೆದು ಹೊಳೆಯ ದಡಕ್ಕೆ ಬಂದು ನಿಂತವು, ಇಂದಿಗೂ ನಿಂತಿವೆ. ನಮ್ಮಲ್ಲಿ ಹೊಳೆ ದಾಟಿದರೆ ಮಾತು ಬದಲಾಗುತ್ತದೆ, ಸಾರಿನ ಖಾರ ಬದಲಾಗುತ್ತದೆ. ಇಲ್ಲಿ ಗೋಡೆಯೊಳಗೆ ಹರಿಯುವುದೇ ಬದಲಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕಾಗಿ ಜಗಳವಾಡದೆ ಈ ಜನ ಒಂದು ಪುಲ್ಲಿಗೆ ಎರಡು ಮೆಟ್ಟಿಲು ಕಡೆದು ಸುಮ್ಮನೆ ಬದುಕಿದರು. ನಾನು ಬೆಟ್ಟ ನೋಡಿದಾಗ ಬೆರಗಾಗಿದ್ದೆ, ಆದರೆ ಆ ಹೆಬ್ಬೆರಳಿನಷ್ಟು ಪುಲ್ಲಿ ನೋಡಿ ಆದ ಬೆರಗಿನ ಮುಂದೆ ಅದು ಏನೂ ಅಲ್ಲ.

ನಾಗಿಗೆ ಹೇಳಿದೆ. ಸಾವಧಾನವಾಗಿ, ಒಂದೊಂದೇ ಮಾತು.

"ನಿನ್ ಕೈ ಅಲ್ಲ ಕಣವ್ವ. ಅವ್ವನೂ ಅಲ್ಲ. ನೀವು ಹೊಳೆ ದಾಟ್ ಬಂದ್ರಿ, ಅಷ್ಟೆಯ."

"ಸುಳ್ ಯೋಳ್ಬ್ಯಾಡ ಅಣ್ಣ, ನನ್ ಸಮಾಧಾನಕ್ಕೆ."

"ನಾನು ಯಾವತ್ತೇ ಸಮಾಧಾನಕ್ ಮಾತಾಡಿವ್ನಿ?"

ಅವಳು ಬಗ್ಗಿ ಆ ಪುಲ್ಲಿಯ ಎರಡು ಮೆಟ್ಟಿಲನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು.

ಅಜ್ಜ ಗ್ರೈಂಡರಿನ ಪುಲ್ಲಿ ಬಿಚ್ಚಿ ಅಳೆದರು. ಮೋಟಾರಿನ ಪುಲ್ಲಿ ಸಣ್ಣದಾದರೆ ಪಾತ್ರೆ ನಿಧಾನವಾಗುತ್ತದೆ; ಆರು ಪಾಲಿನಲ್ಲಿ ಒಂದು ಪಾಲು ಸಣ್ಣದು ಮಾಡಬೇಕು, ಅಷ್ಟೇ ಲೆಕ್ಕ. ಊರಲ್ಲಾದರೆ ಅದನ್ನೇ ಲೇತಿಗೆ ಕಚ್ಚಿಸಿ ಎರಡು ನಿಮಿಷದಲ್ಲಿ ಕೆರೆದು ಕೊಡುತ್ತಿದ್ದರು. ಅಜ್ಜ ಹಳೆಯದನ್ನು ಮುಟ್ಟಲಿಲ್ಲ. ಹಿತ್ತಾಳೆಯ ತುಂಡೊಂದನ್ನು ಆರಿಸಿ, ಲೇತಿಗೆ ತಲೆ ಬಾಗಿಸಿ, ಶುರು ಮಾಡಿದರು. ಹಿತ್ತಾಳೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಅಳೆಯುವುದು, ಕೂದಲೆಳೆಯಷ್ಟು ತೆಗೆಯುವುದು, ಮತ್ತೆ ಅಳೆಯುವುದು. ಯಾರೂ ನೋಡದ ಒಳಮೈಯನ್ನೂ ಉಜ್ಜಿ ನುಣುಪು ಮಾಡಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ನನ್ನ ಕೈ ತಾನಾಗಿ ಖಾಲಿ ಜೇಬಿಗೆ ಹೋದದ್ದನ್ನು ಅವರು ಕಂಡಿರಬೇಕು. ಮುಗಿಸಿದ ಮೇಲೆ ತಮ್ಮ ಜೇಬಿನ ಸಣ್ಣ ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಭಾಷೆ ಬಂದಿದ್ದರೆ ಹೇಳಲು ತುಂಬ ಇತ್ತು.

ಕೊನೆಗೆ ಗ್ರೈಂಡರಿನ ತಗಡಿನ ಒಳಮೈ ತೋರಿಸಿ, ನನ್ನ ಬರಹದ ಕೆಳಗೆ ಅವರೂ ಬರೆಯಲಿ ಎಂದು ಪೆನ್ಸಿಲು ಕೊಟ್ಟೆ. ಅವರ ಲಿಪಿಯಲ್ಲಿ ಮೂರು ಅಕ್ಷರ ಬರೆದರು. ಏನು ಬರೆದರೆಂದು ನಾಗಿಗೂ ಓದಲಾಗಲಿಲ್ಲ.

ಮೇಲೆ ತಂದು ಜೋಡಿಸಿ, ಗೆರೆ ಎಳೆದು ಎಣಿಸಿದೆವು. ನಾಗಿ ಎಣಿಸಿದಳು, ನಾನು ಗಡಿಯಾರ ಹಿಡಿದೆ.

"ತೊಂಬತ್ತೆಂಟು" ಎಂದಳು, ದನಿಯೇ ಇಲ್ಲದೆ.

ಆರನೇ ದಿನ, ಬಾಲ್ಕನಿ

ಮರುದಿನ ಮಧ್ಯಾಹ್ನ ಅವಳೇ ರುಬ್ಬಿದಳು. ಬೆರಳು ಅದ್ದಿ ನೋಡಿ, ಹಿಟ್ಟನ್ನು ಹುಳಿಯಲು ಮುಚ್ಚಿಟ್ಟಳು. ಆರನೇ ದಿನ ಬೆಳಿಗ್ಗೆ ಮಂಜಣ್ಣನೂ ನಾನೂ ಅಡುಗೆಮನೆಯ ಬಾಗಿಲಲ್ಲಿ, ಹೆರಿಗೆ ವಾರ್ಡಿನ ಹೊರಗೆ ನಿಂತವರಂತೆ ನಿಂತಿದ್ದೆವು. ನಾಗಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. ಹಬೆ ಚದುರಿತು. ಇಡ್ಲಿಗಳು ತಟ್ಟೆಯ ಅಂಚು ಮೀರಿ ಎದ್ದು ನಿಂತಿದ್ದವು.

ಮಂಜಣ್ಣ ಗೋಡೆಗೆ ಒರಗಿಕೊಂಡ. ನಾಗಿ ಯಾರ ಕಡೆಗೂ ನೋಡದೆ ಒಂದು ಇಡ್ಲಿ ತಟ್ಟೆಗೆ ಹಾಕಿ, ನಾನು ಊರಿಂದ ತಂದಿದ್ದ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿ, ಬಾಲ್ಕನಿಗೆ ಒಯ್ದು ಕಟ್ಟೆಯ ಮೇಲಿಟ್ಟಳು. ಅವ್ವನಿಗೆ ಇಡ್ಲಿಗೆ ಅದೇ ಪುಡಿ ಆಗಬೇಕಿತ್ತು, ಬೇರೆ ಚಟ್ನಿ ಮುಟ್ಟುತ್ತಿರಲಿಲ್ಲ. ನಾನು ಹೋಗಿ ಅವಳ ಪಕ್ಕ ನಿಂತೆ. ಎದುರಿನ ತಂತಿಯ ಮೇಲೆ ಆ ದೊಡ್ಡ ಕಾಗೆ ಕೂತಿತ್ತು. ನಮ್ಮನ್ನು ನೋಡಿತು, ಇಡ್ಲಿ ನೋಡಿತು. ರೆಕ್ಕೆ ಕೆದರಿಕೊಂಡಿತು. ನಾನು ಮನಸ್ಸಿನಲ್ಲೇ ಅದಕ್ಕೆ, ಬಾರಪ್ಪ, ಒಂದು ಸಲ ಬಂದು ಹೋಗು ಎಂದು ಕೈ ಮುಗಿದೆ. ಅದು ಎದ್ದು ಓಣಿಯ ಆಚೆ ಹಾರಿಹೋಯಿತು.

ಮತ್ತೆ ಶುರುವಾಯಿತಲ್ಲ ಎಂದುಕೊಂಡೆ. ನಾಗಿ ಕಾಗೆ ಹೋದ ದಿಕ್ಕನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಟ್ಟೆ ಎತ್ತಿಕೊಂಡಳು.

"ಆರೋಯ್ತದೆ ಕಣಣ್ಣ" ಎಂದಳು. "ಆರಿದ್ ಇಡ್ಲಿ ಅವ್ವ ಯಾರ್ಗೂ ಕೊಡ್ತಿರ್ನಿಲ್ಲ."

ಎರಡು ಹೋಳು ಮಾಡಿ ನನಗೊಂದು ಕೊಟ್ಟು ತಾನೊಂದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ ಅವಳ ಮುಖ ಬದಲಾಯಿತು. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ನನ್ನ ಭುಜಕ್ಕೆ ಹಣೆ ಇಟ್ಟಳು.

"ಅವ್ವ ಓಗ್ಬುಟ್ಳಲ್ಲಣ್ಣ."

ನಾಲ್ಕು ತಿಂಗಳಿಂದ ಅವ್ವ ಮುನಿಸಿಕೊಂಡಳು, ಅವ್ವ ಶಾಪ ಹಾಕಿದಳು ಎಂದೇ ಹೇಳುತ್ತಿದ್ದವಳು ಮೊದಲ ಸಲ ಅವ್ವ ಇಲ್ಲ ಎಂದಳು. ಅತ್ತಳು. ನಾನೂ ಅತ್ತೆ. ಬಾಯಲ್ಲಿದ್ದ ಇಡ್ಲಿ ಥೇಟ್ ಅವ್ವ ಮಾಡಿದ್ದೇ.

ಕೆಳಗೆ ನಿಶಿದಾ ಅಜ್ಜನಿಗೆ ಆರು ಇಡ್ಲಿ ಕಳಿಸಿದೆವು. ಮಂಜಣ್ಣ ಉಳಿದದ್ದನ್ನು ಡಬ್ಬಿಗೆ ತುಂಬಿ ಮಾಲೀಕರಿಗೆ ತೋರಿಸಲು ಓಡಿದ. ಸಂಜೆ ನಾಗಿ ಸೂಟ್‌ಕೇಸು ಮತ್ತೆ ಅಟ್ಟಕ್ಕೆ ಏರಿಸಿದಳು, ಗ್ರೈಂಡರಿನ ಮೇಲಿನ ಸೀರೆಯ ತುಂಡನ್ನು ಒಗೆದು ಒಣಹಾಕಿದಳು. ನಾನು ಇನ್ನೂ ನಾಲ್ಕು ದಿನ ಇದ್ದೆ, ದಿನಾ ಇಡ್ಲಿಯೇ ತಿಂದೆ.

ಹೊರಡುವ ಮುಂಚೆ ಮಂಜಣ್ಣ ಫೋನಿನಲ್ಲಿ ಒಂದು ಸೀಟು ರದ್ದು ಮಾಡಿದ. ಹಾಗಾಗಿ ರೈಲು ಹೊಳೆ ದಾಟುವಾಗ ನನ್ನ ಪಕ್ಕದಲ್ಲಿ ಕೂತಿದ್ದು ತಂಗಿಯಲ್ಲ, ಆ ಜಪಾನಿ ಹೆಂಗಸು.